ಎಣಿಕೆಗೆ ಬಾರದ ಜನ: ಅಲ್ಜೀರಿಯಾ ನಮಗೆ ಹೇಳುವ ಕಥೆ



ವಾರ್ಷಿಕೋತ್ಸವದ ಸಂಚಿಕೆಗೆ ಇತಿಹಾಸದ ಮ್ಯಾಲೆ ಒಂದು ಲೇಖನ ಬರೆದುಕೊಡು ಅಂತ ಸಂಘದವರು ಹೇಳಿದಾಗ, ಬಿ.ಎ. ಓದುತ್ತಿರುವ ನಾನು ಅಲ್ಜೀರಿಯಾ ದೇಶವನ್ನು ಆರಿಸಿಕೊಂಡೆ. "ಎಲ್ಲಿಯ ಅಲ್ಜೀರಿಯಾ, ಎಲ್ಲಿಯ ನಾವು?" ಅಂತ ನೀವು ಕೇಳಬಹುದು. ಸ್ವಲ್ಪ ಸಮಾಧಾನದಿಂದ ಓದ್ರಿ, ಸಂಬಂಧ ತಾನಾಗಿ ಗೊತ್ತಾಗುತ್ತದೆ.

ಯಾಕ ಅಲ್ಜೀರಿಯಾ?

ದಲಿತ ಪ್ಯಾಂಥರ್ ಹೆಸರು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ರಾಜಾ ಢಾಲೆ, ಜ. ವಿ. ಪವಾರ ಮೊದಲಾದ ತರುಣರು ಆ ಸಂಘಟನೆ ಕಟ್ಟಿದರು. ಹೆಸರು ತಗೊಂಡದ್ದು ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಇಷ್ಟು ನಮಗೆ ಗೊತ್ತು. ಆ ಬ್ಲ್ಯಾಕ್ ಪ್ಯಾಂಥರ್ ಪಕ್ಷಕ್ಕೆ ಅಮೆರಿಕದ ಹೊರಗೂ ಒಂದು ಕಚೇರಿ ಇತ್ತು ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ಅಮೆರಿಕದ ಪೊಲೀಸರಿಂದ ತಪ್ಪಿಸಿಕೊಂಡಿದ್ದ ಪಕ್ಷದ ನಾಯಕ ಎಲ್ಡ್ರಿಜ್ ಕ್ಲೀವರ್ 1969ರಲ್ಲಿ ಬಂದು ಸೇರಿದ್ದು ಅಲ್ಜೀರಿಯಾದ ರಾಜಧಾನಿ ಅಲ್ಜೀರ್ಸ್‌ಗೆ. ಮರುವರ್ಷ ಅಲ್ಲಿಯ ಸರಕಾರ ಪಕ್ಷದ ಅಂತರರಾಷ್ಟ್ರೀಯ ವಿಭಾಗಕ್ಕೆ ಮಾನ್ಯತೆ ಕೊಟ್ಟು, ಕಚೇರಿಗೆ ಒಂದು ಬಂಗಲೆಯನ್ನೂ ಕೊಟ್ಟಿತು. ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲಾ ಅವರು ಜೈಲಿಗೆ ಹೋಗುವ ಮೊದಲು, 1962ರಲ್ಲಿ, ಸೈನಿಕ ತರಬೇತಿಗೆ ಹೋಗಿದ್ದು ಮೊರಾಕ್ಕೊ ಗಡಿಯಲ್ಲಿ ಬೀಡುಬಿಟ್ಟಿದ್ದ ಅಲ್ಜೀರಿಯಾದ ವಿಮೋಚನಾ ಸೈನಿಕರ ಹತ್ತಿರ.

ಅಂದ್ರ, ಜಗತ್ತಿನ ತುಳಿತಕ್ಕೊಳಗಾದವರಿಗೆಲ್ಲ ಒಂದು ಕಾಲಕ್ಕೆ ಅಲ್ಜೀರ್ಸ್ ತವರುಮನೆ ಇದ್ದಂಗ ಇತ್ತು. ಆದರೆ ಹೊರಗಿನ ಹೋರಾಟಗಾರರಿಗೆ ಹಿಂಗ ಬಾಗಿಲು ತೆರೆದಿಟ್ಟ ಅದೇ ಸರಕಾರ, ತನ್ನ ಸ್ವಂತ ಜನರಿಗೆ ಎರಡನೇ ಪಕ್ಷ ಕಟ್ಟಲು 1989ರವರೆಗೆ ಬಿಡಲಿಲ್ಲ. ಇದು ಹ್ಯಾಂಗ ಆಯಿತು? ಪರದೇಶದವರನ್ನು ಓಡಿಸಿದ ಮೇಲೂ ಜನ ಎಣಿಕೆಗೆ ಬಾರದೇ ಹ್ಯಾಂಗ ಉಳಿದರು? ಈ ಪ್ರಶ್ನೆಯೇ ನನ್ನ ಲೇಖನ.

ಸಾಲದಿಂದ ಸುರುವಾದ ಜಗಳ

ಅಲ್ಜೀರಿಯಾ ಇರುವುದು ಆಫ್ರಿಕಾ ಖಂಡದ ಉತ್ತರ ತುದಿಯಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಗೆ. ಸಮುದ್ರದ ಆ ಕಡೆ ಫ್ರಾನ್ಸ್. ವಿಸ್ತೀರ್ಣದಲ್ಲಿ ಇದು ಇವತ್ತು ಆಫ್ರಿಕಾದ ಅತಿ ದೊಡ್ಡ ದೇಶ. ಹೆಚ್ಚಿನ ಭಾಗ ಸಹಾರಾ ಮರಳುಗಾಡು. ಜನ ಅರಬ್ಬಿ ಮತ್ತು ಅಮಾಜಿಗ್ ಭಾಷೆ ಆಡುವವರು. ಅಮಾಜಿಗರನ್ನು ಹೊರಗಿನವರು ಬರ್ಬರರು ಅಂತ ಕರೆದರು.

1790ರ ದಶಕದಲ್ಲಿ ಫ್ರಾನ್ಸಿನ ಸೈನ್ಯಕ್ಕೆ ಅಲ್ಜೀರಿಯಾದಿಂದ ಗೋಧಿ ಹೋಗಿತ್ತು, ಉದ್ರಿ ಮೇಲೆ. ಆ ಬಾಕಿ ತೀರಲೇ ಇಲ್ಲ. 1827ರಲ್ಲಿ ಅಲ್ಜೀರ್ಸ್‌ನ ದೊರೆ ಹುಸೇನ್ ಈ ಬಾಕಿ ಕೇಳಿದಾಗ ಫ್ರೆಂಚ್ ರಾಯಭಾರಿ ಉಡಾಫೆಯ ಉತ್ತರ ಕೊಟ್ಟ. ದೊರೆ ಸಿಟ್ಟಿಗೆದ್ದು ಕೈಯಲ್ಲಿದ್ದ ನೊಣ ಓಡಿಸುವ ಬೀಸಣಿಗೆಯಿಂದ ಅವನಿಗೆ ಹೊಡೆದ. ಸಾಲ ತೀರಿಸಬೇಕಾದವರು ಅದನ್ನೇ ಅವಮಾನ ಮಾಡಿಕೊಂಡು, ಮೂರು ವರ್ಷದ ನಂತರ ಹಡಗು ತುಂಬ ಸೈನ್ಯ ತಂದು ಇಳಿಸಿದರು. ಫ್ರಾನ್ಸಿನ ರಾಜ ಹತ್ತನೇ ಚಾರ್ಲ್ಸ್‌ಗೆ ಸ್ವದೇಶದಲ್ಲಿ ಹೆಸರು ಕೆಟ್ಟಿತ್ತು, ಒಂದು ಗೆಲುವು ಬೇಕಾಗಿತ್ತು. 1830ರ ಜುಲೈ 5ರಂದು ಅಲ್ಜೀರ್ಸ್ ಬಿತ್ತು. ಅದೇ ತಿಂಗಳ ಕೊನೆಗೆ ಪ್ಯಾರಿಸ್‌ನ ಜನ ದಂಗೆ ಎದ್ದು ಆ ರಾಜನನ್ನೇ ಇಳಿಸಿದರು. ರಾಜ ಹೋದ, ಸೈನ್ಯ ಮಾತ್ರ 132 ವರ್ಷ ಅಲ್ಲೇ ಉಳಿಯಿತು.

ಜನ ಸುಮ್ಮನೆ ಒಪ್ಪಲಿಲ್ಲ. 1832ರಿಂದ ಅಬ್ದುಲ್ ಖಾದಿರ್ ಎಂಬ ತರುಣ ಧರ್ಮಗುರು ಬುಡಕಟ್ಟುಗಳನ್ನು ಒಂದುಗೂಡಿಸಿ ಹದಿನೈದು ವರ್ಷ ಹೋರಾಡಿದ. 1845ರಲ್ಲಿ ದಹ್ರಾ ಎಂಬಲ್ಲಿ ಗುಹೆಯೊಳಗೆ ಅಡಗಿದ್ದ ಒಂದು ಬುಡಕಟ್ಟಿನ ನೂರಾರು ಜನರನ್ನು, ಹೆಂಗಸರು ಮಕ್ಕಳು ಅನ್ನದೇ, ಗುಹೆಯ ಬಾಯಿಗೆ ಬೆಂಕಿ ಹಚ್ಚಿ ಹೊಗೆಯಿಂದ ಉಸಿರುಗಟ್ಟಿಸಿ ಕೊಂದರು. 1871ರಲ್ಲಿ ಮೊಕ್ರಾನಿ ನಾಯಕತ್ವದಲ್ಲಿ ಇನ್ನೊಂದು ದೊಡ್ಡ ದಂಗೆ. ಅದನ್ನು ಹತ್ತಿಕ್ಕಿದ ಮೇಲೆ ದಂಡ ಹಾಕಿದರು, ಲಕ್ಷಾಂತರ ಹೆಕ್ಟೇರ್ ಭೂಮಿ ಕಸಿದುಕೊಂಡರು. ಸಮುದಾಯದ ಹೆಸರಿನಲ್ಲಿದ್ದ ಜಮೀನನ್ನು 1873ರ ಒಂದು ಕಾಯ್ದೆ ತುಂಡು ತುಂಡು ಮಾಡಿ ಮಾರಾಟಕ್ಕಿಟ್ಟಿತು. ಒಳ್ಳೆಯ ಹೊಲ ಯುರೋಪಿನಿಂದ ಬಂದು ನೆಲೆಸಿದವರ ಪಾಲಾಯಿತು. ಅವರು ಅಲ್ಲಿ ದ್ರಾಕ್ಷಿ ಬೆಳೆದು ವೈನ್ ತೆಗೆದರು. ಮದ್ಯ ಮುಟ್ಟದ ಮುಸ್ಲಿಮರ ನಾಡಿನಲ್ಲಿ, ಅವರದೇ ಹೊಲದಲ್ಲಿ, ಅವರೇ ಕೂಲಿಗಳಾಗಿ ದ್ರಾಕ್ಷಿ ಕಿತ್ತರು.

ಪ್ರಜೆ ಹೌದು, ನಾಗರಿಕ ಅಲ್ಲ

ಇಲ್ಲಿಂದ ಮುಂದಿನದನ್ನು ಲಕ್ಷ್ಯಗೊಟ್ಟು ಓದ್ರಿ. 1848ರಲ್ಲಿ ಫ್ರಾನ್ಸ್, ಅಲ್ಜೀರಿಯಾ ತನ್ನದೇ ನೆಲದ ಭಾಗ ಎಂದು ಸಾರಿತು. ಅಲ್ಜೀರ್ಸ್, ಒರಾನ್, ಕಾನ್‌ಸ್ಟಾಂಟೈನ್ ಎಂಬ ಮೂರು ಜಿಲ್ಲೆ ಮಾಡಿತು. ನೆಲ ಫ್ರಾನ್ಸಿನದಾಯಿತು, ಆ ನೆಲದ ಜನ?

1865ರ ಕಾಯ್ದೆ ಇದಕ್ಕೆ ಉತ್ತರ ಕೊಟ್ಟಿತು. ಅಲ್ಜೀರಿಯಾದ ಮುಸ್ಲಿಮರು ಫ್ರಾನ್ಸಿನ ಪ್ರಜೆಗಳು, ಆದರೆ ನಾಗರಿಕರಲ್ಲ. ನಾಗರಿಕರಾಗಬೇಕಾದರೆ ಮದುವೆ, ಆಸ್ತಿಹಂಚಿಕೆಯಂಥ ವಿಷಯಗಳಲ್ಲಿ ತಮ್ಮ ಧರ್ಮದ ಕಾನೂನು ಬಿಟ್ಟುಕೊಡಬೇಕು, ಅರ್ಜಿ ಹಾಕಬೇಕು, ಅದನ್ನು ಅಧಿಕಾರಿಗಳು ಒಪ್ಪಬೇಕು. ಮುಂದಿನ ಎಷ್ಟೋ ದಶಕಗಳಲ್ಲಿ ಹಾಗೆ ನಾಗರಿಕರಾದವರು ಕೆಲವೇ ಸಾವಿರ ಮಂದಿ. 1870ರಲ್ಲಿ ಅಲ್ಲಿಯ ಸುಮಾರು 35,000 ಯಹೂದಿಗಳಿಗೆ ಒಂದೇ ಆದೇಶದಲ್ಲಿ ಪೌರತ್ವ ಕೊಟ್ಟರು. 1940ರಲ್ಲಿ, ಹಿಟ್ಲರನ ಕಾಲಕ್ಕೆ, ಒಂದೇ ಆದೇಶದಲ್ಲಿ ಕಿತ್ತುಕೊಂಡರು. ಮೂರು ವರ್ಷದ ಮೇಲೆ ಮತ್ತೆ ಕೊಟ್ಟರು. ಆಳುವವರ ಕೈಯೊಳಗ ಪೌರತ್ವ ಅನ್ನೋದು ಕೊಟ್ಟು ಕಸಿಯುವ ಸಾಮಾನು ಆಗಿತ್ತು.

1881ರಲ್ಲಿ ಬಂದದ್ದು "ಸ್ಥಳೀಯರ ಸಂಹಿತೆ". ಅಪ್ಪಣೆ ಇಲ್ಲದೇ ಪ್ರಯಾಣ ಮಾಡಿದರೆ, ಅಧಿಕಾರಿಗೆ ಮರ್ಯಾದೆ ಕೊಡದಿದ್ದರೆ, ಅನುಮತಿ ಇಲ್ಲದೇ ಸಭೆ ಸೇರಿದರೆ ಶಿಕ್ಷೆ. ಅದೇ ಕೆಲಸ ಒಬ್ಬ ಯುರೋಪಿಯನ್ ಮಾಡಿದರೆ ಅಪರಾಧವೇ ಅಲ್ಲ. ಶಿಕ್ಷೆ ಕೊಡುವುದಕ್ಕೆ ಕೋರ್ಟು ಬೇಕಿಲ್ಲ. ಆಡಳಿತಾಧಿಕಾರಿ ತಾನೇ ದೂರು ಬರೆದು, ತಾನೇ ತೀರ್ಪು ಕೊಡುತ್ತಿದ್ದ. ಏಳು ವರ್ಷಕ್ಕೆಂದು ಬಂದ ಈ ಕಾಯ್ದೆಯನ್ನು ಮತ್ತೆ ಮತ್ತೆ ಮುಂದುವರಿಸಿ 1944ರವರೆಗೆ ಎಳೆದರು. ಮನುಷ್ಯ ಏನು ಮಾಡಿದ ಅನ್ನೋದಕ್ಕಿಂತ ಯಾರ ಹೊಟ್ಟೆಯಲ್ಲಿ ಹುಟ್ಟಿದ ಅನ್ನೋದರ ಮೇಲೆ ಅಪರಾಧ ತೀರ್ಮಾನವಾಗುವ ವ್ಯವಸ್ಥೆ ಎಂಥಾದ್ದು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಾಯುವುದಕ್ಕೆ ಮಾತ್ರ ಅವರು ಲೆಕ್ಕಕ್ಕೆ ಬಂದರು. ಮೊದಲ ಮಹಾಯುದ್ಧದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಲ್ಜೀರಿಯನ್ನರು ಫ್ರಾನ್ಸಿನ ಸೈನ್ಯದಲ್ಲಿ ದುಡಿದರು; ಸುಮಾರು 25,000 ಮಂದಿ ಸತ್ತರು. ಯುದ್ಧ ಮುಗಿದ ಮೇಲೆ ಮತದ ಹಕ್ಕು ಕೇಳಿದರೆ ಕಾಯ್ರಿ ಅಂದರು. 1926ರಲ್ಲಿ ಪ್ಯಾರಿಸ್‌ನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ವಲಸೆ ಕಾರ್ಮಿಕರು "ಉತ್ತರ ಆಫ್ರಿಕಾದ ನಕ್ಷತ್ರ" ಎಂಬ ಸಂಘಟನೆ ಕಟ್ಟಿದರು. ಅದರ ಮುಂದಾಳು ಮೆಸ್ಸಾಲಿ ಹಾಜ್ ಪೂರ್ಣ ಸ್ವಾತಂತ್ರ್ಯ ಕೇಳಿದ. ಸೆತಿಫ್ ಊರಿನ ಔಷಧ ಅಂಗಡಿಕಾರ ಫರ್ಹಾತ್ ಅಬ್ಬಾಸ್ ಮಾತ್ರ, ನಮ್ಮನ್ನೂ ಸಮಾನ ನಾಗರಿಕರು ಮಾಡ್ರಿ ಸಾಕು ಅಂತ ವರ್ಷಗಟ್ಟಲೆ ಕೇಳಿದ. 1936ರಲ್ಲಿ ಕಲಿತ ಇಪ್ಪತ್ತು ಸಾವಿರದ ಆಸುಪಾಸು ಮುಸ್ಲಿಮರಿಗಷ್ಟೇ ಮತ ಕೊಡುವ ಒಂದು ಮಸೂದೆ ತಯಾರಾಯಿತು. ಅಲ್ಜೀರಿಯಾದ ಯುರೋಪಿಯನ್ ಮೇಯರ್‌ಗಳು ರಾಜೀನಾಮೆ ಕೊಡುತ್ತೇವೆ ಅಂತ ಹೆದರಿಸಿದರು. ಮಸೂದೆ ಮತಕ್ಕೇ ಬರಲಿಲ್ಲ.

ಎಂಟು ಜನಕ್ಕೆ ಒಬ್ಬನ ತೂಕ

1945ರ ಮೇ 8. ಹಿಟ್ಲರ್ ಸೋತ, ಯುರೋಪ್ ಕುಣಿಯಿತು. ಸೆತಿಫ್‌ನಲ್ಲಿ ಅಲ್ಜೀರಿಯನ್ನರೂ ಮೆರವಣಿಗೆ ಹೊರಟರು. ಅವರ ನಡುವೆ ಒಬ್ಬ ಹುಡುಗ ಅಲ್ಜೀರಿಯಾದ ಬಾವುಟ ಎತ್ತಿದ. ಪೊಲೀಸರು ಗುಂಡು ಹೊಡೆದರು. ಸಿಟ್ಟಿಗೆದ್ದ ಜನ ಸುತ್ತಲಿನ ಊರುಗಳಲ್ಲಿ ನೂರರಷ್ಟು ಯುರೋಪಿಯನ್ನರನ್ನು ಕೊಂದರು. ಅದಕ್ಕೆ ಉತ್ತರವಾಗಿ ಸೆತಿಫ್, ಗೆಲ್ಮಾ, ಖೆರ್ರಾತಾ ಸೀಮೆಯ ಹಳ್ಳಿಗಳ ಮೇಲೆ ವಿಮಾನದಿಂದ ಬಾಂಬು, ಸಮುದ್ರದಿಂದ ಹಡಗಿನ ತೋಪು. ಗೆಲ್ಮಾದಲ್ಲಿ ಯುರೋಪಿಯನ್ ನಾಗರಿಕರೇ ಬಂದೂಕು ಹಿಡಿದು ಮನೆಮನೆಯಿಂದ ಎಳೆದು ಕೊಂದರು. ಸತ್ತವರೆಷ್ಟು? ಫ್ರಾನ್ಸ್ ಹೇಳಿದ್ದು ಒಂದೂವರೆ ಸಾವಿರ. ಅಲ್ಜೀರಿಯಾ ಹೇಳುವುದು 45,000. ಇತಿಹಾಸಕಾರರು ಹಲವಾರು ಸಾವಿರ ಅನ್ನುತ್ತಾರೆ. ನೂರು ಯುರೋಪಿಯನ್ನರ ಎಣಿಕೆ ಇತ್ತು. ಇವರನ್ನು ಸತ್ತ ಮೇಲೂ ಯಾರೂ ಸರಿಯಾಗಿ ಎಣಿಸಲಿಲ್ಲ.

ಆವತ್ತು ಮೆರವಣಿಗೆಯಲ್ಲಿದ್ದ, ಹದಿನಾರು ಇನ್ನೂ ತುಂಬದ ಒಬ್ಬ ವಿದ್ಯಾರ್ಥಿಯನ್ನು ಹಿಡಿದು ಜೈಲಿಗೆ ಹಾಕಿದರು. ಅವನ ಹೆಸರು ಕಾತಿಬ್ ಯಾಸೀನ್. ಮುಂದೆ "ನೆಜ್ಮಾ" ಎಂಬ ಕಾದಂಬರಿ ಬರೆದು ಆ ನಾಡಿನ ಬಹಳ ದೊಡ್ಡ ಲೇಖಕನಾದ.

1947ರಲ್ಲಿ, ನಮ್ಮ ದೇಶ ಸ್ವತಂತ್ರವಾದ ವರ್ಷವೇ, ಫ್ರಾನ್ಸ್ ಅಲ್ಜೀರಿಯಾಕ್ಕೆ ಒಂದು ವಿಧಾನಸಭೆ ಕೊಟ್ಟಿತು. 120 ಸ್ಥಾನ. ಎರಡು ಮತದಾರ ಮಂಡಳಿ. ಯುರೋಪಿಯನ್ನರು ಮತ್ತು ಬೆರಳೆಣಿಕೆಯ ಕಲಿತ ಮುಸ್ಲಿಮರ ಮೊದಲನೇ ಮಂಡಳಿಗೆ 60, ಉಳಿದ ಎಲ್ಲ ಮುಸ್ಲಿಮರ ಎರಡನೇ ಮಂಡಳಿಗೆ 60. ನೋಡಲಿಕ್ಕೆ ಸಮಪಾಲು. ಲೆಕ್ಕ ಹಾಕ್ರಿ: ಯುರೋಪಿಯನ್ನರು ಒಂಬತ್ತು ಲಕ್ಷದ ಆಸುಪಾಸು, ಮುಸ್ಲಿಮರು 75 ಲಕ್ಷಕ್ಕೂ ಹೆಚ್ಚು. ಎಂಟು ಅಲ್ಜೀರಿಯನ್ನರು ಕೂಡಿದರೆ ಒಬ್ಬ ಯುರೋಪಿಯನ್ನನ ತೂಕ. ಮುಸ್ಲಿಂ ಹೆಂಗಸರಿಗಂತೂ 1958ರವರೆಗೆ ಮತವೇ ಇಲ್ಲ.

ಇದನ್ನು ನಮ್ಮ ಪ್ರತ್ಯೇಕ ಮತಕ್ಷೇತ್ರದ ಬೇಡಿಕೆಯ ಜೊತೆ ಕೂಡಿಸಬೇಡ್ರಿ. ಬಾಬಾಸಾಹೇಬರು ಅದನ್ನು ಕೇಳಿದ್ದು ಬಹುಸಂಖ್ಯಾತರ ನಡುವೆ ದನಿ ಕಳಕೊಂಡವರಿಗಾಗಿ. ಅಲ್ಜೀರಿಯಾದಲ್ಲಿ ಎರಡು ಮಂಡಳಿ ಮಾಡಿದ್ದು ಬಹುಸಂಖ್ಯಾತರ ದನಿ ಅಡಗಿಸಲಿಕ್ಕೆ. ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದು ಮಾತಾಡುತ್ತ ಬಾಬಾಸಾಹೇಬರು ಮತದ ಮೌಲ್ಯದ ಬಗ್ಗೆ ಹೇಳಿದ್ದು ನೆನಪಿಸಿಕೊಳ್ಳಿ: ರಾಜಕೀಯದಲ್ಲಿ ಪ್ರತಿಯೊಬ್ಬನಿಗೂ ಒಂದು ಮತ, ಪ್ರತಿ ಮತಕ್ಕೂ ಒಂದೇ ಬೆಲೆ ಅಂತ ಒಪ್ಪುತ್ತೇವೆ, ಬದುಕಿನಲ್ಲಿ ಮಾತ್ರ ಒಪ್ಪುವುದಿಲ್ಲ ಎಂಬ ಅರ್ಥದ ಮಾತು ಅದು. ಅಲ್ಜೀರಿಯಾದಲ್ಲಿ ಆಗ ರಾಜಕೀಯದಲ್ಲೂ ಒಪ್ಪಿರಲಿಲ್ಲ. ಅಷ್ಟು ಸಾಲದು ಅಂತ 1948ರ ಚುನಾವಣೆಯಲ್ಲಿ ಅಧಿಕಾರಿಗಳೇ ಪೆಟ್ಟಿಗೆ ತುಂಬಿಸಿ ತಮಗೆ ಬೇಕಾದವರನ್ನು ಗೆಲ್ಲಿಸಿದರು. ಸಮಾನತೆಯನ್ನು ಶಾಂತವಾಗಿ ಕೇಳಿದವರಿಗೆ ಇದಾದ ಮೇಲೆ ಉಳಿದ ದಾರಿ ಯಾವುದು?

ಬಂದೂಕಿನ ವರ್ಷಗಳು

1954ರ ನವೆಂಬರ್ 1ರ ನಡುರಾತ್ರಿ ರಾಷ್ಟ್ರೀಯ ವಿಮೋಚನಾ ರಂಗ, ಅಂದ್ರ ಎಫ್‌ಎಲ್‌ಎನ್, ದಾಳಿ ಸುರು ಮಾಡಿತು. ಏಳೂವರೆ ವರ್ಷದ ಯುದ್ಧವನ್ನು ಪೂರಾ ಇಲ್ಲಿ ಬರೆಯಲಿಕ್ಕೆ ಜಾಗ ಇಲ್ಲ. ಫ್ರಾನ್ಸ್ ನಾಲ್ಕು ಲಕ್ಷದಷ್ಟು ಸೈನಿಕರನ್ನು ಇಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹಳ್ಳಿಗರನ್ನು ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ದಬ್ಬಿತು. ಚಿತ್ರಹಿಂಸೆ ದಿನದ ಕೆಲಸವಾಯಿತು. 1957ರಲ್ಲಿ ಸೆರೆಸಿಕ್ಕ ನಾಯಕ ಲಾರ್ಬಿ ಬೆನ್ ಮ್ಹಿದಿ ಜೈಲಿನಲ್ಲಿ ಆತ್ಮಹತ್ಯೆ ಮಾಡಿಕೊಂಡ ಅಂತ ಸೈನ್ಯ ಹೇಳಿತು. ಅವನನ್ನು ಕೊಂದದ್ದು ಫ್ರೆಂಚ್ ಸೈನಿಕರೇ ಎಂದು ಫ್ರಾನ್ಸಿನ ಅಧ್ಯಕ್ಷರು ಒಪ್ಪಿಕೊಂಡದ್ದು 2024ರಲ್ಲಿ.

ಹೋರಾಟಗಾರರ ಕೈಗೂ ರಕ್ತ ಹತ್ತಿತ್ತು, ಅದನ್ನು ಮುಚ್ಚಿಡಬಾರದು. 1957ರಲ್ಲಿ ಮೆಲೂಜಾ ಎಂಬಲ್ಲಿ ಎದುರಾಳಿ ಗುಂಪಿನ ಬೆಂಬಲಿಗರು ಎಂದು ಸುಮಾರು ಮುನ್ನೂರು ಗಂಡಸರನ್ನು ಎಫ್‌ಎಲ್‌ಎನ್‌ನವರೇ ಕೊಂದರು.

ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಅಬಾನ್ ರಮದಾನ್ ಎಂಬವನ ಬಗ್ಗೆ. 1956ರ ಆಗಸ್ಟ್‌ನಲ್ಲಿ ಸುಮ್ಮಾಮ್ ಕಣಿವೆಯಲ್ಲಿ ಹೋರಾಟಗಾರರು ಗುಟ್ಟಾಗಿ ಸಭೆ ಸೇರಿದರು. ಅಬಾನ್ ಅಲ್ಲಿ ಎರಡು ನಿಯಮ ಪಾಸು ಮಾಡಿಸಿದ. ಬಂದೂಕು ಹಿಡಿದವರು ರಾಜಕೀಯ ನಾಯಕತ್ವದ ಮಾತು ಕೇಳಬೇಕು. ದೇಶದ ಒಳಗೆ ಹೋರಾಡುವವರ ಮಾತು, ಹೊರಗೆ ಕೂತವರ ಮಾತಿಗಿಂತ ಮೇಲೆ ನಿಲ್ಲಬೇಕು. ಇದು ಸೇನಾ ನಾಯಕರಿಗೆ ಹಿಡಿಸಲಿಲ್ಲ. 1957ರ ಡಿಸೆಂಬರ್‌ನಲ್ಲಿ ಅವನನ್ನು ಮೊರಾಕ್ಕೊಗೆ ಕರೆಸಿ, ಸ್ವಂತ ಸಂಗಾತಿಗಳೇ ಕತ್ತು ಹಿಸುಕಿ ಕೊಂದರು. ಅಬಾನ್ ರಣರಂಗದಲ್ಲಿ ವೀರಮರಣ ಹೊಂದಿದ ಅಂತ ಸಂಘಟನೆಯ ಪತ್ರಿಕೆ ಸುದ್ದಿ ಬರೆಯಿತು. ಅಲ್ಜೀರಿಯಾದ ಮುಂದಿನ ಅರವತ್ತು ವರ್ಷದ ಸಂಕಟದ ಬೀಜ ನನಗೆ ಕಾಣುವುದು ಆ ಸುಳ್ಳು ಸುದ್ದಿಯೊಳಗ.

ಆ ಪತ್ರಿಕೆಗೆ ಆಗ ಬರೆಯುತ್ತಿದ್ದವರಲ್ಲಿ ಒಬ್ಬ ಫ್ರಾಂಟ್ಜ್ ಫ್ಯಾನನ್. ಮಾರ್ಟಿನಿಕ್ ದ್ವೀಪದ ಕಪ್ಪು ಮನುಷ್ಯ, ಮನೋವೈದ್ಯ. 1953ರಲ್ಲಿ ಅಲ್ಜೀರಿಯಾದ ಬ್ಲಿದಾ ಊರಿನ ಮಾನಸಿಕ ಆಸ್ಪತ್ರೆಗೆ ಕೆಲಸಕ್ಕೆ ಬಂದ. ಚಿತ್ರಹಿಂಸೆ ಅನುಭವಿಸಿದವರೂ ಅವನ ಹತ್ತಿರ ಬರುತ್ತಿದ್ದರು, ಚಿತ್ರಹಿಂಸೆ ಕೊಟ್ಟು ನಿದ್ದೆಗೆಟ್ಟ ಪೊಲೀಸರೂ ಬರುತ್ತಿದ್ದರು. 1956ರಲ್ಲಿ ರಾಜೀನಾಮೆ ಕೊಟ್ಟು ಹೋರಾಟ ಸೇರಿದ. 1961ರ ಡಿಸೆಂಬರ್‌ನಲ್ಲಿ, 36ನೇ ವಯಸ್ಸಿಗೆ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ. ಸಾಯುವ ಮುಂಚೆ ಬಂದ ಅವನ ಕೊನೆಯ ಪುಸ್ತಕದಲ್ಲಿ ಒಂದು ಎಚ್ಚರಿಕೆ ಐತಿ: ಪರದೇಶದವನು ಎದ್ದು ಹೋದ ಕುರ್ಚಿಯಲ್ಲಿ ನಮ್ಮವನೇ ಬಂದು ಕೂತು, ಸ್ವಾತಂತ್ರ್ಯದ ಹೆಸರಿನಲ್ಲಿ ಜನರನ್ನು ಮನೆಗೆ ಕಳಿಸಿಬಿಟ್ಟಾನು, ಹುಷಾರು ಎಂಬರ್ಥದ್ದು. ಸ್ವಾತಂತ್ರ್ಯ ಬರುವ ಮೊದಲೇ ಬರೆದ ಮಾತು ಅದು.

ಬಾಂಬು ಇಟ್ಟ ಕೈಗಳಿಗೆ ಸಿಕ್ಕಿದ್ದೇನು?

ಈ ಯುದ್ಧದಲ್ಲಿ ಹೋರಾಟಗಾರ್ತಿಯರೆಂದು ಮುಂದೆ ಸರಕಾರಿ ದಾಖಲೆಗೆ ಸೇರಿದ ಹೆಂಗಸರು ಸುಮಾರು 11,000. ಶುಶ್ರೂಷೆ, ಅಡಿಗೆ, ಸಂದೇಶ ಸಾಗಿಸುವುದು, ಕೆಲವರು ಬಾಂಬು ಇಡುವುದು. ಜಮೀಲಾ ಬೂಹಿರೆದ್ ಅವರಿಗೆ ಇಪ್ಪತ್ತೆರಡನೇ ವಯಸ್ಸಿಗೆ ಗಲ್ಲು ಶಿಕ್ಷೆಯಾಯಿತು. ಜಗತ್ತಿನಾದ್ಯಂತ ಪ್ರತಿಭಟನೆ ಎದ್ದದ್ದಕ್ಕೆ ಜೀವ ಉಳಿಯಿತು. "ದಿ ಬ್ಯಾಟಲ್ ಆಫ್ ಅಲ್ಜೀರ್ಸ್" ಎಂಬ 1966ರ ಸಿನಿಮಾ ಈ ದಿನಗಳದು, ಸಿಕ್ಕರೆ ನೋಡ್ರಿ.

ಸ್ವಾತಂತ್ರ್ಯ ಬಂದು 22 ವರ್ಷಕ್ಕೆ, 1984ರಲ್ಲಿ, ಅದೇ ಎಫ್‌ಎಲ್‌ಎನ್ ಸರಕಾರ ಕುಟುಂಬ ಕಾಯ್ದೆ ತಂದಿತು. ವಯಸ್ಸಿಗೆ ಬಂದ ಹೆಣ್ಣುಮಗಳು ಮದುವೆಯಾಗಬೇಕಾದರೂ ಗಂಡು ಪಾಲಕನೊಬ್ಬ ಬೇಕು, ಹೆಂಡತಿ ಗಂಡನ ಮಾತು ಕೇಳಿಕೊಂಡಿರಬೇಕು ಅಂತ ಅದರಲ್ಲಿ ಬರೆದರು. ಯುದ್ಧದಲ್ಲಿ ಜೈಲು ಕಂಡ ಹೆಂಗಸರು ಬೀದಿಗಿಳಿದು ವಿರೋಧಿಸಿದರೂ ಕಾಯ್ದೆ ನಿಲ್ಲಲಿಲ್ಲ. 2005ರಲ್ಲಿ ಸ್ವಲ್ಪ ತಿದ್ದುಪಡಿ ಆಯಿತು, ಅಷ್ಟೇ. ಹೋರಾಟದ ಕಾಲಕ್ಕೆ ಹೆಂಗಸರ ಧೈರ್ಯ ಬೇಕು, ಹೋರಾಟ ಮುಗಿದ ಮೇಲೆ ಅಡಿಗೆಮನೆಗೆ ನಡೀರಿ. ಈ ಹಾಡು ಬರೀ ಅಲ್ಜೀರಿಯಾದ್ದೇನು?

ಜುಲೈ 5, ಎರಡನೇ ಸಲ

1962ರ ಜುಲೈ 1ರ ಜನಮತದಲ್ಲಿ ಹತ್ತಿರ ಹತ್ತಿರ ಎಲ್ಲರೂ ಸ್ವಾತಂತ್ರ್ಯಕ್ಕೆ ಒತ್ತಿದರು. ಸ್ವಾತಂತ್ರ್ಯದ ದಿನವೆಂದು ಜುಲೈ 5ನ್ನೇ ಆರಿಸಿದರು, 1830ರಲ್ಲಿ ಸೋತ ಅದೇ ತಾರೀಖು. ಯುರೋಪಿಯನ್ನರಲ್ಲಿ ಬಹುಪಾಲು ಮಂದಿ ಆ ವರ್ಷವೇ ಹಡಗು ಹತ್ತಿದರು. ಅವರು ಬಿಟ್ಟುಹೋದ ತೋಟಗಳನ್ನು ಕೂಲಿಗಳೇ ಸಮಿತಿ ಮಾಡಿಕೊಂಡು ನಡೆಸಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಸ್ವಲ್ಪ ದಿನದಲ್ಲೇ ಸರಕಾರಿ ಅಧಿಕಾರಿಗಳು ಬಂದು ಆ ಸಮಿತಿಗಳ ಮೇಲೆ ಕೂತರು.

ಮೇಲೆಯೂ ಅದೇ ನಡೆಯಿತು. ಗಡಿಯಾಚೆ ಕಾಯ್ದುಕೊಂಡಿದ್ದ ಸೈನ್ಯ ರಾಜಧಾನಿಗೆ ಬಂದು ತನಗೆ ಬೇಕಾದ ಬೆನ್ ಬೆಲ್ಲಾನನ್ನು ಕೂರಿಸಿತು. 1965ರ ಜೂನ್ 19ರಂದು ರಕ್ಷಣಾ ಮಂತ್ರಿ ಬೂಮೆದಿಯೆನ್ ಅವನನ್ನೂ ಇಳಿಸಿದ. ಆಗ ಬೀದಿಗೆ ಬಂದ ಟ್ಯಾಂಕುಗಳನ್ನು ನೋಡಿ, ಸಿನಿಮಾ ಶೂಟಿಂಗ್ ಇರಬೇಕು ಅಂತ ಜನ ತಿಳಿದರಂತೆ. ಬೂಮೆದಿಯೆನ್ ಶಾಲೆ ಕಟ್ಟಿಸಿದ, ಆಸ್ಪತ್ರೆ ಕಟ್ಟಿಸಿದ, 1971ರಲ್ಲಿ ಫ್ರೆಂಚರ ಕೈಯಲ್ಲಿದ್ದ ಎಣ್ಣೆ ಉದ್ಯಮವನ್ನು ಸರಕಾರದ ವಶಕ್ಕೆ ತಂದ. ಅದನ್ನು ಸಣ್ಣದೆಂದು ಹೇಳುವಂತಿಲ್ಲ. 1954ರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಅಲ್ಜೀರಿಯನ್ನರಿಗೆ ಓದು-ಬರಹ ಬರುತ್ತಿರಲಿಲ್ಲ. ಆದರೆ ಒಂದೇ ಪಕ್ಷ, ಒಂದೇ ದನಿ. ಬ್ಲ್ಯಾಕ್ ಪ್ಯಾಂಥರ್‌ಗೆ ಬಂಗಲೆ ಕೊಟ್ಟದ್ದೂ ಇದೇ ಸರಕಾರ.

ಭಾಷೆಯ ವಿಷಯದಲ್ಲೂ ಹಂಗ. ಫ್ರೆಂಚರ ಕಾಲಕ್ಕೆ ಅರಬ್ಬಿ ಭಾಷೆ ಮೂಲೆ ಸೇರಿತ್ತು, ಅದಕ್ಕೆ ಮರಳಿ ಸ್ಥಾನ ಕೊಟ್ಟದ್ದು ನ್ಯಾಯವೇ. ಆದರೆ ಕಬೈಲಿ ಬೆಟ್ಟದ ಮಕ್ಕಳು ಮನೆಯಲ್ಲಿ ಆಡುವ ತಮಾಜಿಗ್ತ್ ಭಾಷೆಗೆ ಶಾಲೆಯಲ್ಲಿ ಜಾಗವೇ ಇರಲಿಲ್ಲ. 1980ರಲ್ಲಿ ಲೇಖಕ ಮುಲೂದ್ ಮಮ್ಮೆರಿ ತಿಜಿ ಊಜು ವಿಶ್ವವಿದ್ಯಾಲಯದಲ್ಲಿ ಅಮಾಜಿಗ್ ಕಾವ್ಯದ ಮೇಲೆ ಉಪನ್ಯಾಸ ಕೊಡಬೇಕಾಗಿತ್ತು. ಅಧಿಕಾರಿಗಳು ರದ್ದು ಮಾಡಿದರು. ವಿದ್ಯಾರ್ಥಿಗಳು ಎದ್ದರು. ಒಂದು ಉಪನ್ಯಾಸ ನಿಲ್ಲಿಸಲಿಕ್ಕೆ ಹೋಗಿ ಒಂದು ಚಳವಳಿ ಹುಟ್ಟಿಸಿದರು. 2001ರಲ್ಲಿ ಪೊಲೀಸ್ ಠಾಣೆಯಲ್ಲಿ ಒಬ್ಬ ತರುಣ ಗುಂಡಿಗೆ ಸತ್ತ. ಮುಂದಿನ ಗಲಭೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2002ರಲ್ಲಿ ತಮಾಜಿಗ್ತ್ ರಾಷ್ಟ್ರೀಯ ಭಾಷೆಯಾಯಿತು, 2016ರಲ್ಲಿ ಅಧಿಕೃತ ಭಾಷೆಯಾಯಿತು. ಮನೆಯ ಭಾಷೆ ಒಂದು, ಕಚೇರಿಯ ಭಾಷೆ ಒಂದು ಇರುವ ಗಡಿಯ ನಮಗೆ ಅವರ ಸಂಕಟ ಬೇಗ ತಿಳಿಯುತ್ತದೆ.

ಅರ್ಧಕ್ಕೆ ನಿಂತ ಚುನಾವಣೆ

1986ರಲ್ಲಿ ಎಣ್ಣೆಯ ಬೆಲೆ ಬಿತ್ತು. ಎಣ್ಣೆ ಮಾರಿಯೇ ನಡೆಯುತ್ತಿದ್ದ ಸರಕಾರದ ಕೈ ಖಾಲಿ. ಕೆಲಸವಿಲ್ಲದೇ ಇಡೀ ದಿನ ಗೋಡೆಗೆ ಆತು ನಿಲ್ಲುವ ತರುಣರಿಗೆ ಅಲ್ಜೀರ್ಸ್‌ನಲ್ಲಿ "ಹಿಟ್ಟಿಸ್ಟ್" ಅಂತ ಹೆಸರೇ ಬಿತ್ತು. ಅಲ್ಲಿಯ ಮಾತಿನಲ್ಲಿ "ಹಿಟ್" ಅಂದ್ರ ಗೋಡೆ. 1988ರ ಅಕ್ಟೋಬರ್‌ನಲ್ಲಿ ಅವರೇ ಬೀದಿಗಿಳಿದರು. ಸೈನ್ಯ ಗುಂಡು ಹಾರಿಸಿತು. ಸರಕಾರಿ ಲೆಕ್ಕ 159 ಸಾವು. ಬೇರೆಯವರ ಲೆಕ್ಕ ಐನೂರರ ಹತ್ತಿರ. ಆದರೆ ಸರಕಾರ ಬಾಗಿತು. 1989ರಲ್ಲಿ ಹೊಸ ಸಂವಿಧಾನ, ಹೊಸ ಪಕ್ಷಗಳು, ಹೊಸ ಪತ್ರಿಕೆಗಳು.

1991ರ ಡಿಸೆಂಬರ್ 26ರ ಮೊದಲ ಸುತ್ತಿನ ಮತದಾನದಲ್ಲಿ ಇಸ್ಲಾಮಿಕ್ ಮುಕ್ತಿ ರಂಗ ಎಂಬ ಪಕ್ಷ 430ರಲ್ಲಿ 188 ಸ್ಥಾನ ಒಂದೇ ಏಟಿಗೆ ಗೆದ್ದಿತು. ಎರಡನೇ ಸುತ್ತಿಗೆ ಬಹುಮತ ಖಾತ್ರಿ. ಆ ಪಕ್ಷದ ಕೆಲವು ಮುಖಂಡರು ಪ್ರಜಾಪ್ರಭುತ್ವವನ್ನೇ ಒಪ್ಪುವುದಿಲ್ಲ ಅಂತ ಬಹಿರಂಗವಾಗಿ ಹೇಳಿದ್ದರು. ಹೆಂಗಸರ ಸಂಘಟನೆಗಳು, ಕಾರ್ಮಿಕ ಸಂಘದವರು ಹೆದರಿದರು. ಆ ಹೆದರಿಕೆ ಸುಳ್ಳಲ್ಲ. ಆದರೆ 1992ರ ಜನವರಿಯಲ್ಲಿ ಸೈನ್ಯ ಮಾಡಿದ್ದೇನು? ಅಧ್ಯಕ್ಷನಿಂದ ರಾಜೀನಾಮೆ ಕೊಡಿಸಿ ಚುನಾವಣೆಯನ್ನೇ ರದ್ದು ಮಾಡಿತು. 28 ವರ್ಷದಿಂದ ಪರದೇಶದಲ್ಲಿದ್ದ ಹಳೆಯ ಹೋರಾಟಗಾರ ಮೊಹಮ್ಮದ್ ಬೂದಿಯಾಫ್ ಅವರನ್ನು ಕರೆತಂದು ಕೂರಿಸಿತು. ಭ್ರಷ್ಟರ ಮೇಲೆ ಕೈ ಹಾಕಲು ಹೊರಟ ಅವರನ್ನು ಆರೇ ತಿಂಗಳಿಗೆ, ಭಾಷಣದ ವೇದಿಕೆಯ ಮೇಲೆ, ಅವರ ಕಾವಲಿನವನೇ ಗುಂಡಿಟ್ಟು ಕೊಂದ.

ಮುಂದಿನ ಹತ್ತು ವರ್ಷವನ್ನು ಅಲ್ಜೀರಿಯನ್ನರು "ಕಪ್ಪು ದಶಕ" ಅನ್ನುತ್ತಾರೆ. ಒಂದು ಕಡೆ ಶಸ್ತ್ರ ಹಿಡಿದ ಧರ್ಮಾಂಧ ಗುಂಪುಗಳು, ಇನ್ನೊಂದು ಕಡೆ ಸೈನ್ಯ. ಲೇಖಕ ತಾಹರ್ ಜಾವೂತ್, ಹಾಡುಗಾರ ಶೇಬ್ ಹಸ್ನಿಯಂಥವರನ್ನು ಬೀದಿಯಲ್ಲಿ ಕೊಂದರು. 1997ರಲ್ಲಿ ರಾಯಿಸ್, ಬೆಂತಲ್ಹಾ ಹಳ್ಳಿಗಳಲ್ಲಿ ಒಂದೇ ರಾತ್ರಿಗೆ ನೂರಾರು ಜನರ ಕತ್ತು ಕೊಯ್ದರು. ಒಟ್ಟು ಸಾವು ಒಂದು ಲಕ್ಷದಿಂದ ಎರಡು ಲಕ್ಷ. ಭದ್ರತಾ ಪಡೆಗಳು ಹಿಡಿದುಕೊಂಡು ಹೋದ ಸಾವಿರಾರು ಮಂದಿ ಮರಳಿ ಬರಲೇ ಇಲ್ಲ. ಅವರ ತಾಯಂದಿರು ಫೋಟೋ ಹಿಡಿದು ಕಚೇರಿಗಳ ಮುಂದೆ ವರ್ಷಗಟ್ಟಲೆ ನಿಂತರು. 2006ರ ಒಂದು ಆದೇಶ ಎರಡೂ ಕಡೆಯ ಬಹಳ ಮಂದಿಗೆ ಮಾಫಿ ಕೊಟ್ಟಿತು. ಆ ದುರಂತವನ್ನು ಕೆದಕಿ ಸರಕಾರದ ಸಂಸ್ಥೆಗಳ ಹೆಸರು ಕೆಡಿಸಿದರೆ ಜೈಲು ಅಂತಲೂ ಅದರಲ್ಲಿ ಬರೆಯಿತು.

ಫೋಟೋಕ್ಕೆ ಸಲಾಮು

1999ರಲ್ಲಿ ಅಬ್ದೆಲಜೀಜ್ ಬೂತೆಫ್ಲಿಕಾ ಅಧ್ಯಕ್ಷರಾದರು. ರಕ್ತಪಾತ ಕಡಿಮೆಯಾಯಿತು, ಎಣ್ಣೆಯ ದುಡ್ಡು ಬಂತು, ಜನ ಸ್ವಲ್ಪ ಉಸಿರಾಡಿದರು. ಸಂವಿಧಾನದಲ್ಲಿ ಎರಡೇ ಅವಧಿ ಅಂತ ಇತ್ತು. 2008ರಲ್ಲಿ ಅದನ್ನು ತೆಗೆಸಿದರು. 2013ರಲ್ಲಿ ಪಾರ್ಶ್ವವಾಯು ಬಡಿದು ಮಾತು ನಿಂತಂಗಾಯಿತು, ಗಾಲಿಕುರ್ಚಿಗೆ ಬಂದರು. ಆದರೂ 2014ರಲ್ಲಿ ನಾಲ್ಕನೇ ಸಲ ಗೆದ್ದರು. ಸಭೆಗೆ ಬರಲಾಗದ ಅಧ್ಯಕ್ಷರ ಬದಲು ಅವರ ಚೌಕಟ್ಟು ಹಾಕಿದ ಫೋಟೋ ವೇದಿಕೆಗೆ ಬರುತ್ತಿತ್ತು. ಮುಖಂಡರು ಆ ಫೋಟೋಕ್ಕೇ ಗೌರವ ಸಲ್ಲಿಸಿದರು, ಸನ್ಮಾನ ಮಾಡಿದರು. ಕೇಳಿದರೆ ನಗು ಬರುತ್ತದೆ. ಮೇಲೆ ಹೇಳಿದ ಅದೇ ಭಾಷಣದಲ್ಲಿ ಬಾಬಾಸಾಹೇಬರು, ರಾಜಕೀಯದಲ್ಲಿ ಭಕ್ತಿ ಅನ್ನೋದು ಸರ್ವಾಧಿಕಾರದ ದಾರಿ ಅಂತ ಎಚ್ಚರಿಸಿದ್ದರು. ಅದನ್ನು ಓದಿದ ನಾವು ನಕ್ಕು ಸುಮ್ಮನಾಗುವಂತಿಲ್ಲ. ಫೋಟೋಕ್ಕೆ ಹಾರ ಹಾಕಿ ಪುಸ್ತಕ ತೆಗೆಯದೇ ಇರುವುದು ನಮ್ಮಲ್ಲೂ ಐತಿ.

2019ರ ಫೆಬ್ರವರಿಯಲ್ಲಿ ಅಧ್ಯಕ್ಷರು ಐದನೇ ಸಲ ನಿಲ್ಲುತ್ತಾರೆ ಅಂತ ಸುದ್ದಿ ಬಂತು. ಫೆಬ್ರವರಿ 16ರಂದು ಖೆರ್ರಾತಾದಲ್ಲಿ ಜನ ಬೀದಿಗೆ ಬಂದರು. ಹೌದು, 1945ರಲ್ಲಿ ಬಾಂಬು ಬಿದ್ದ ಅದೇ ಖೆರ್ರಾತಾ. ಫೆಬ್ರವರಿ 22, ಶುಕ್ರವಾರ, ದೇಶದ ತುಂಬ. ಆಮೇಲೆ ಪ್ರತಿ ಶುಕ್ರವಾರ ಜನ, ಪ್ರತಿ ಮಂಗಳವಾರ ವಿದ್ಯಾರ್ಥಿಗಳು. ಇದಕ್ಕೆ "ಹಿರಾಕ್", ಅಂದ್ರ ಚಳವಳಿ, ಅಂತ ಹೆಸರಾಯಿತು. "ಸಿಲ್ಮಿಯಾ, ಸಿಲ್ಮಿಯಾ" ಅಂತ ಕೂಗಿದರು, ಶಾಂತಿಯಿಂದ ಅಂತ ಅರ್ಥ. ಕಪ್ಪು ದಶಕ ಕಂಡ ಜನ ಒಂದು ಕಲ್ಲೂ ಎಸೆಯಬಾರದು ಅಂತ ತಾವೇ ಕಾವಲು ನಿಂತರು. ಮೆರವಣಿಗೆ ಮುಗಿದ ಮೇಲೆ ಹುಡುಗರು ಬೀದಿ ಕಸ ಗುಡಿಸಿದರು. 80 ದಾಟಿದ ಜಮೀಲಾ ಬೂಹಿರೆದ್ ಅವರೂ ನಡೆದು ಬಂದರು. ಅಬಾನ್ ರಮದಾನ್‌ನ ಚಿತ್ರ ಹಿಡಿದು, ಸೈನ್ಯದ ರಾಜ್ಯ ಬೇಡ, ನಾಗರಿಕರ ರಾಜ್ಯ ಬೇಕು ಅಂದರು. 62 ವರ್ಷದ ಹಿಂದೆ ಸಂಗಾತಿಗಳು ಕೊಂದು ಮುಚ್ಚಿಟ್ಟವನನ್ನು ಮೊಮ್ಮಕ್ಕಳು ಹುಡುಕಿ ತೆಗೆದರು.

ಏಪ್ರಿಲ್ 2ರಂದು ಬೂತೆಫ್ಲಿಕಾ ರಾಜೀನಾಮೆ ಕೊಟ್ಟರು. ಜನರಿಗೆ ಅಷ್ಟು ಸಾಲಲಿಲ್ಲ. "ಯೆತ್ನಹಾವ್ ಗಾಅ" ಅಂದರು: ಅವರೆಲ್ಲರೂ ಹೋಗಬೇಕು. ಟಿವಿ ವರದಿಗಾರ್ತಿಯೊಬ್ಬಳು ಜನ ಸಂತೋಷದಲ್ಲಿದ್ದಾರೆ ಅಂತ ಹೇಳುತ್ತಿದ್ದಾಗ, ಬೀದಿಯ ಯುವಕನೊಬ್ಬ ಮಧ್ಯೆ ಬಾಯಿ ಹಾಕಿ ಹೇಳಿದ ಮಾತದು. ಇಡೀ ಚಳವಳಿಯ ಘೋಷಣೆಯಾಯಿತು.

ಆದರೆ ಎಲ್ಲರೂ ಹೋಗಲಿಲ್ಲ. 2019ರ ಡಿಸೆಂಬರ್‌ನಲ್ಲಿ ಮೊದಲು ಪ್ರಧಾನಿಯಾಗಿದ್ದ ತೆಬ್ಬೂನ್ ಅಧ್ಯಕ್ಷರಾದರು. ಮತ ಹಾಕಿದವರು ನೂರಕ್ಕೆ 40ರ ಆಸುಪಾಸು. ಮರುವರ್ಷ ಕೊರೊನಾ ಬಂದು ಮೆರವಣಿಗೆ ನಿಂತವು. ಪತ್ರಕರ್ತ ಖಾಲಿದ್ ದ್ರಾರೆನಿಯಂಥವರು ಜೈಲು ಸೇರಿದರು. ಹೊಸ ಸಂವಿಧಾನದ ಜನಮತದಲ್ಲಿ ಪಾಲ್ಗೊಂಡವರು ನೂರಕ್ಕೆ 24ರಷ್ಟು ಮಾತ್ರ. 2024ರ ಸೆಪ್ಟೆಂಬರ್ ಚುನಾವಣೆಯಲ್ಲಿ ತೆಬ್ಬೂನ್‌ಗೆ ಶೇಕಡಾ 94ಕ್ಕೂ ಹೆಚ್ಚು ಮತ ಅಂತ ಮೊದಲು ಸಾರಿದರು. ಅಂಕಿಗಳು ತಾಳೆಯಾಗುತ್ತಿಲ್ಲ ಅಂತ ಸೋತವರ ಜೊತೆ ಗೆದ್ದವರ ಕಡೆಯವರೂ ತಕರಾರು ತೆಗೆದರು. ಆಮೇಲೆ ಸಂವಿಧಾನ ನ್ಯಾಯಾಲಯ ಶೇಕಡಾ 84 ಅಂತ ತಿದ್ದಿತು. ಇಂದಿಗೂ ಎಣಿಕೆಯೇ ಸಮಸ್ಯೆ. ಮತದ ಮೇಲೆ ನಂಬಿಕೆ ಹೋದ ತರುಣರು ಸಣ್ಣ ದೋಣಿ ಹತ್ತಿ ಸ್ಪೇನ್ ಕಡೆ ಹೊರಡುತ್ತಾರೆ. ಅವರಿಗೆ "ಹರಗಾ", ಅಂದ್ರ ಸುಡುವವರು ಅಂತ ಹೆಸರು. ಸುಡುವುದು ತಮ್ಮ ಗುರುತಿನ ಕಾಗದಪತ್ರ. ಅಜ್ಜಂದಿರು ಯಾವ ನಾಗರಿಕತ್ವಕ್ಕಾಗಿ ಜೀವ ಕೊಟ್ಟರೋ ಅದರ ಕಾಗದವನ್ನೇ.

ನಾವು ಕಲಿಯುವುದೇನು?

ಗೆಳೆಯರೇ, ಅಲ್ಜೀರಿಯಾದ ಜನ ಸೋತರು ಅಂತ ನಾನು ಹೇಳುವುದಿಲ್ಲ. ಐದನೇ ಅವಧಿಯನ್ನು ಅವರು ಬರಿಗೈಯಿಂದ ನಿಲ್ಲಿಸಿದರು. ಆದರೆ ಅವರ ಕಥೆಯಿಂದ ಮೂರು ಮಾತು ನಮ್ಮ ಸಂಘಕ್ಕೂ ಬೇಕಾದವು ಅಂತ ನನಗೆ ಅನಿಸುತ್ತದೆ.

ಮೊದಲನೇದು, ಶತ್ರು ಹೊರಗಿದ್ದಾನೆ ಅಂತ ಒಳಗಿನ ಪ್ರಶ್ನೆ ಕೇಳುವವನ ಬಾಯಿ ಮುಚ್ಚಿಸಬಾರದು. ಲೆಕ್ಕ ಕೇಳುವ ಸದಸ್ಯ ಸಂಘ ಒಡೆಯುವವನಲ್ಲ. ವರ್ಗಣಿ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಕೇಳಿದವನಿಗೆ ವಹಿ ತೆಗೆದು ತೋರಿಸಬೇಕು.

ಎರಡನೇದು, ಜಯಂತಿಯ ಅಡಿಗೆಗೆ, ಮೆರವಣಿಗೆಗೆ ಕರೆಯುವ ನಮ್ಮ ಅಕ್ಕ-ತಂಗಿಯರನ್ನು ಕಾರ್ಯಕಾರಿ ಸಮಿತಿಗೂ ಕರೆಯಬೇಕು. 1984ರಲ್ಲಿ ಅಲ್ಜೀರಿಯಾದ ಹೆಂಗಸರಿಗೆ ಆದದ್ದು ಒಂದೇ ದಿನದಲ್ಲಿ ಆದದ್ದಲ್ಲ.

ಮೂರನೇದು, ಮತ. ನಮಗೆ ಅದು 1950ರ ಸಂವಿಧಾನದಿಂದ ಬಂತು, ಗಂಡು-ಹೆಣ್ಣು ಎನ್ನದೇ, ಜಾತಿ ಎನ್ನದೇ, ಓದಿದವ ಓದದವ ಎನ್ನದೇ. ಎಂಟು ಜನಕ್ಕೆ ಒಬ್ಬನ ತೂಕ ಎಂಬ ಅಪಮಾನ ಕಂಡ ದೇಶದ ಕಥೆ ಓದಿದ ಮೇಲೆ, ಒಂದು ಬಾಟಲಿಗೆ, ಒಂದು ನೋಟಿಗೆ ಅದನ್ನು ಮಾರುವುದು ನನಗಂತೂ ನುಂಗಲಾರದ ತುತ್ತಾಗಿದೆ. ಬರುವ ಚುನಾವಣೆಗೆ ಮೊದಲು ನಮ್ಮ ಓಣಿಯ ಮತದಾರರ ಪಟ್ಟಿ ತಂದು, ಮನೆಮನೆಗೆ ಹೋಗಿ, ಯಾರ ಹೆಸರು ಬಿಟ್ಟೈತಿ ಅಂತ ನೋಡೋಣ. ಹದಿನೆಂಟು ತುಂಬಿದವರ ಅರ್ಜಿ ನಾವೇ ತುಂಬಿಸೋಣ. ಕೆಲಸ ಸಣ್ಣದು. ಬರುವ ರವಿವಾರದಿಂದಲೇ ಸುರು ಮಾಡಬಹುದು. ಯಾರ್ಯಾರು ಬರ್ತೀರಿ ಹೇಳ್ರಿ.